ಮಳಖೇಡ: ಊರಿನ ಚರಿತ್ರೆ, ಮಂದಿಯ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹಳ್ಳಿಯ ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆಯುವುದು ಸಣ್ಣ ಮಾತಲ್ಲ. ಸಾಲ ಕೊಡೋದು ಸರಳ, ವಸೂಲಿ ಮಾಡೋದು ಕಠಿಣ, ವಸೂಲಿ ಮಾಡಿದ ಮ್ಯಾಲೂ ಊರಾಗ ಒಬ್ಬರಿಗೊಬ್ಬರು ಮುಖ ನೋಡಿ ಮಾತಾಡೋದು ಇನ್ನೂ ಕಠಿಣ. ಈ ಮೂರನ್ನೂ ಮಾಡಿ ತೋರಿಸಿದ ನಿಮಗೆಲ್ಲ ಮೊದಲು ನನ್ನ ಅಭಿನಂದನೆಗಳು.

ನನಗೆ ಕೊಟ್ಟ ವಿಷಯ, ನಮ್ಮ ಭಾಗದ ಒಂದು ಸಣ್ಣ ಊರಿನ ಚರಿತ್ರೆ ಮತ್ತು ಜನಸಂಖ್ಯೆ. ಇದಕ್ಕಾಗಿ ದೂರ ಹೋಗುವ ಅಗತ್ಯವಿಲ್ಲ. ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಸುಮಾರು 40 ಕಿಲೋಮೀಟರ್ ಹೋದರೆ ಕಾಗಿಣಾ ಹೊಳಿ ಬರುತ್ತದೆ, ಅದರ ದಂಡಿ ಮ್ಯಾಲ ಮಳಖೇಡ. ಬಸ್ಸಿನಾಗ ಕೂತವರು ಕಿಟಕಿಯಿಂದ ಕೋಟೆ ಗೋಡಿ ನೋಡ್ತಾರ, "ರಾಷ್ಟ್ರಕೂಟರ ರಾಜಧಾನಿ ಇದು" ಅಂತಾರ, ಮುಂದ ಹೋಗ್ತಾರ. ಈ ಊರಿಗೆ ಯಾರು ಬಂದರು, ಯಾರು ಹೋದರು, ಇಷ್ಟೆಲ್ಲ ಆದಮೇಲೂ ಊರು ಹ್ಯಾಂಗ ಉಳೀತು ಎನ್ನುವುದನ್ನು ಇಂದು ಸ್ವಲ್ಪ ನಿಧಾನವಾಗಿ ನೋಡೋಣ.

ಹೆಸರಿನಿಂದಲೇ ಶುರು ಮಾಡುತ್ತೇನೆ. ಹಳೆಯ ಹೆಸರು ಮಾನ್ಯಖೇಟ. ಸಂಸ್ಕೃತದಲ್ಲಿ 'ಖೇಟ' ಎಂದರೆ ಒಕ್ಕಲಿಗರು ಇರುವ ಊರು, ಪುರಕ್ಕಿಂತ ಸಣ್ಣದು. ಅಂದರೆ ದಕ್ಷಿಣದ ದೊಡ್ಡ ಸಾಮ್ರಾಜ್ಯವೊಂದರ ರಾಜಧಾನಿಯ ಹೆಸರಿನೊಳಗೇ ಒಂದು ರೈತರ ಊರು ಕೂತಿದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಇಲ್ಲಿಗೆ ರಾಜಧಾನಿಯನ್ನು ತಂದವನು ಅಮೋಘವರ್ಷ ನೃಪತುಂಗ. ಅವನು ಆಳಿದ್ದು 814ರಿಂದ 878ರವರೆಗೆ, ಹೆಚ್ಚು ಕಡಿಮೆ ಅರವತ್ತನಾಲ್ಕು ವರ್ಷ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದಾದ ಕವಿರಾಜಮಾರ್ಗ ಅವನ ಆಸ್ಥಾನದಲ್ಲಿಯೇ ಹುಟ್ಟಿತು. ಅದನ್ನು ಬರೆದವನು ಶ್ರೀವಿಜಯ ಎಂದು ವಿದ್ವಾಂಸರು ಹೇಳುತ್ತಾರೆ. ಕಾವೇರಿಯಿಂದ ಗೋದಾವರಿಯ ತನಕ ಕನ್ನಡ ನಾಡು ಎಂಬ ಮಾತು ಇರುವುದು ಆ ಗ್ರಂಥದಲ್ಲಿಯೇ. 851ರ ಹೊತ್ತಿಗೆ ಸುಲೈಮಾನ್ ಎಂಬ ಅರಬ ವರ್ತಕನ ಹೆಸರಿನಲ್ಲಿ ಬಂದ ಬರಹವೊಂದು ಜಗತ್ತಿನ ನಾಲ್ವರು ದೊಡ್ಡ ಅರಸರನ್ನು ಹೆಸರಿಸುತ್ತದೆ. ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೋಮಿನ ಅರಸ, ನಾಲ್ಕನೆಯವನು 'ಬಲ್ಹರಾ', ಅಂದರೆ ನಮ್ಮ ರಾಷ್ಟ್ರಕೂಟ ವಲ್ಲಭರಾಜ. ಮುಂದಿನ ಶತಮಾನದಲ್ಲಿ ಮಸೂದಿ ಎಂಬ ಅರಬ ಲೇಖಕ ಅವನ ರಾಜಧಾನಿಯನ್ನು 'ಮಾಂಕೀರ್' ಎಂದು ಬರೆದ. ಅದೇ ನಮ್ಮ ಮಾನ್ಯಖೇಟ.

ಅದೇ ಕಾಲದ ಇನ್ನೊಬ್ಬರ ಹೆಸರು ಸಹಕಾರ ಸಂಘದವರು ತಿಳಿದಿರಲೇಬೇಕು, ಅವರೇ ಮಹಾವೀರಾಚಾರ್ಯರು. 'ಗಣಿತಸಾರಸಂಗ್ರಹ' ಎಂಬ ಗಣಿತ ಗ್ರಂಥ ಬರೆದರು, ಅದರ ಆರಂಭದಲ್ಲಿ ಅಮೋಘವರ್ಷನನ್ನು ಹೊಗಳಿದರು. ಆ ಗ್ರಂಥದಲ್ಲಿ ಅಸಲು, ಬಡ್ಡಿ, ಅವಧಿ ಇವುಗಳ ಲೆಕ್ಕಗಳು ಬಂದಿವೆ. ಇಷ್ಟು ಅಸಲಿಗೆ ಇಷ್ಟು ತಿಂಗಳಿಗೆ ಬಡ್ಡಿ ಎಷ್ಟು, ಅಸಲು ಬಡ್ಡಿ ಕೂಡಿಸಿ ಇಷ್ಟು ಬಂದರೆ ಅದರಾಗ ಅಸಲು ಎಷ್ಟು, ಇಂಥವು. ನಮ್ಮ ಕಾರ್ಯದರ್ಶಿಗಳು ಮಾರ್ಚ್ ತಿಂಗಳಾಗ ತಲಿ ಕೆಡಿಸಿಕೊಳ್ಳೋದು ಇದೇ ಲೆಕ್ಕಕ್ಕ ಅಲ್ಲೇನ್ರಿ? ಹನ್ನೊಂದು ನೂರು ವರ್ಷದ ಹಿಂದೆಯೇ ಈ ಲೆಕ್ಕಕ್ಕೆ ಶಾಸ್ತ್ರ ಬರೆದವರಿದ್ದರು.

ಊರಿನ ಕೀರ್ತಿ ಹೀಗಿತ್ತು. ಮೂರನೆಯ ಕೃಷ್ಣನ ಕಾಲದಲ್ಲಿ ಪೊನ್ನ ಕವಿ ಇದ್ದ. ಪುಷ್ಪದಂತನೆಂಬ ಅಪಭ್ರಂಶ ಕವಿ ಹೊರಗಿನಿಂದ ಬಂದು ಇಲ್ಲಿ ಆಶ್ರಯ ಪಡೆದು, 965ರಲ್ಲಿ ತನ್ನ ಮಹಾಪುರಾಣವನ್ನು ಮುಗಿಸಿದ. ಅದಾಗಿ ಏಳು ವರ್ಷಕ್ಕೆ, 972ರಲ್ಲಿ, ಮಾಳವದ ಪರಮಾರ ಅರಸ ಸೀಯಕ ಬಂದು ಊರನ್ನು ಸೂರೆ ಮಾಡಿದ. ಈ ಸೂರೆಯ ವರ್ಷ ನಮಗೆ ತಿಳಿದದ್ದು ಹ್ಯಾಂಗ ಗೊತ್ತೇನು? ಧಾರಾನಗರದಲ್ಲಿ ಧನಪಾಲನೆಂಬ ಕವಿ ತನ್ನ ತಂಗಿಗಾಗಿ ಒಂದು ಪ್ರಾಕೃತ ನಿಘಂಟು ಬರೆದ. ಮಾನ್ಯಖೇಟ ಲೂಟಿಯಾದ ವರ್ಷ ಇದನ್ನು ಬರೆದೆ ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಒಬ್ಬರ ಮನೆ ಸುಟ್ಟ ವರ್ಷ ಇನ್ನೊಬ್ಬರ ಪುಸ್ತಕದ ತಾರೀಖು ಆಯಿತು ನೋಡ್ರಿ.

ಮರುವರ್ಷವೇ, 973ರಲ್ಲಿ, ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದ. ಚಾಲುಕ್ಯರಿಗೂ ಕೆಲವು ಕಾಲ ಇದೇ ರಾಜಧಾನಿ. ಆ ಮೇಲೆ ತಂಜಾವೂರಿನ ಚೋಳರ ಸೈನ್ಯ ಈ ನಾಡಿನ ಮೇಲೆ ಬಂತು. ರಾಜೇಂದ್ರ ಚೋಳನ ತಮಿಳು ಶಾಸನಗಳು ಅವನು ಗೆದ್ದ ಸ್ಥಳಗಳಲ್ಲಿ 'ಮಣ್ಣೈಕ್ಕಡಕ್ಕಂ' ಎಂದು ಇದೇ ಊರನ್ನು ಎಣಿಸುತ್ತವೆ. ಕೊನೆಗೆ 11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲಕ್ಕೆ ರಾಜಧಾನಿ ಕಲ್ಯಾಣಕ್ಕೆ, ಇಂದಿನ ಬಸವಕಲ್ಯಾಣಕ್ಕೆ ಹೋಯಿತು. ಅರಸ ಹೋದ, ಅವನ ಹಿಂದೆ ಆನೆ, ಕುದುರೆ, ಭಂಡಾರ, ಕವಿಗಳು, ಕಾರಕೂನರು ಎಲ್ಲರೂ ಹೋದರು.

ಹೋಗದೆ ಉಳಿದವರು ಯಾರು? ಹೊಲ ಇದ್ದವರು. ಕಾಗಿಣಾ ನೀರು, ಕಪ್ಪು ಮಣ್ಣು ಬಿಟ್ಟು ಎಲ್ಲಿ ಹೋಗಬೇಕು? ಹೆಸರಿನಾಗ 'ಖೇಟ' ಅಂತ ಇತ್ತಲ್ಲ, ಆ ರೈತರ ಊರು ಅಲ್ಲೇ ಉಳೀತು. ಸುಮಾರು ಎರಡು ನೂರು ವರ್ಷದ ರಾಜಧಾನಿತನ ಬಂದುಹೋದ ಬೀಗರ ಹಾಗೆ, ಒಕ್ಕಲುತನವೇ ಮನೆಯವರು. ನಾನು ಇವತ್ತು ಹೇಳಬೇಕಾದ ಮಾತಿನಲ್ಲಿ ಅರ್ಧ ಇದೇ ಆಗಿದೆ.

ಕಲಬುರಗಿಗೂ ಇದೇ ಆಯಿತು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಅದು ರಾಜಧಾನಿಯಾಯಿತು, 15ನೆಯ ಶತಮಾನದಲ್ಲಿ ಬೀದರಕ್ಕೆ ಗದ್ದುಗೆ ಹೋಯಿತು. ಆದರೆ ಕಲಬುರಗಿ ಮುಂದೆ ಜಿಲ್ಲಾ ಸ್ಥಳವಾಗಿ ಬೆಳೆದು, 2011ರ ಹೊತ್ತಿಗೆ ಐದು ಲಕ್ಷ ದಾಟಿದ ನಗರವಾಯಿತು. ಮಳಖೇಡಕ್ಕೆ ಆ ಯೋಗ ಬರಲಿಲ್ಲ. ಅದಕ್ಕೆ ಬೇರೆ ಬೇರೆ ಮಂದಿ ಬೇರೆ ಬೇರೆ ಕಾರಣಕ್ಕೆ ಬರುತ್ತಲೇ ಇದ್ದರು. ಜೈನರಿಗೆ ಇದು ನೇಮಿನಾಥ ಬಸದಿಯ ಊರು. ಅಲ್ಲಿರುವ ಪಂಚಲೋಹದ ಜಿನಬಿಂಬಗಳ ಮಂಟಪ ನೋಡಲು ದೂರದಿಂದ ಬರುತ್ತಾರೆ. ಮಾಧ್ವರಿಗೆ ಇದು 14ನೆಯ ಶತಮಾನದ ಟೀಕಾಚಾರ್ಯರ, ಜಯತೀರ್ಥರ ಊರು. ಆಷಾಢ ಮಾಸದ ಆರಾಧನೆಗೆ ಉತ್ತರಾದಿ ಮಠದ ಭಕ್ತರು ಕಾಗಿಣಾ ತೀರದಲ್ಲಿ ಸೇರುತ್ತಾರೆ. ಊರಾಗ ದರ್ಗಾ ಇದೆ, ಉರುಸು ಇದೆ. ಬಹಮನಿಗಳು, ಬಿಜಾಪುರದವರು, ಮೊಗಲರು, ನಿಜಾಮರು ಒಬ್ಬರ ಮೇಲೆ ಒಬ್ಬರು ಆಳಿದರು. ಇಂದು ಕಾಣುವ ಕೋಟೆಯಲ್ಲಿ ಈ ಹಿಂದಿನ ಮುಂದಿನ ಕಾಲದ ಕಲ್ಲುಗಳೆಲ್ಲ ಕೂಡಿಕೊಂಡಿವೆ.

ಈಗ ಜನಸಂಖ್ಯೆಯ ಮಾತಿಗೆ ಬರುತ್ತೇನೆ. ಹಳೆಯ ಶಾಸನಗಳಲ್ಲಿ ದಾನ ಕೊಟ್ಟವನ ಹೆಸರಿದೆ, ತಗೊಂಡವನ ಹೆಸರಿದೆ, ಹೊಲದ ನಾಲ್ಕೂ ದಿಕ್ಕಿನ ಎಲ್ಲೆ ಇದೆ. ಹೊಲದಾಗ ದುಡಿದ ಮಂದಿಯನ್ನು ತಲೆ ಲೆಕ್ಕ ಹಿಡಿದು ಬರೆದದ್ದು ಇಲ್ಲ. ನಮ್ಮ ಭಾಗದಲ್ಲಿ ಆ ಕೆಲಸ ಶುರುವಾದದ್ದು 1881ರಲ್ಲಿ, ಹೈದರಾಬಾದ ಸಂಸ್ಥಾನದ ಮೊದಲ ಖಾನೇಷುಮಾರಿಯಲ್ಲಿ. ಆಗ ಇಡೀ ಸಂಸ್ಥಾನದ ಜನಸಂಖ್ಯೆ 98 ಲಕ್ಷ. ಅಲ್ಲಿಂದ ಮುಂದಿನ ಅಂಕಿಗಳನ್ನು ಸಾಲಾಗಿ ಇಟ್ಟರೆ ನಮ್ಮ ಅಜ್ಜ ಮುತ್ತಜ್ಜರ ಕಥೆಯೇ ಬರುತ್ತದೆ. 1891ರಲ್ಲಿ ಒಂದು ಕೋಟಿ 15 ಲಕ್ಷ. 1901ರಲ್ಲಿ ಏರಬೇಕಾದದ್ದು ಇಳಿದು ಒಂದು ಕೋಟಿ 11 ಲಕ್ಷ. ಯಾಕೆ? 1899–1900ರ ಬರಗಾಲ. 1911ರಲ್ಲಿ ಒಂದು ಕೋಟಿ 33 ಲಕ್ಷ. 1921ರಲ್ಲಿ ಮತ್ತೆ ಇಳಿದು ಒಂದು ಕೋಟಿ 24 ಲಕ್ಷ. ಹತ್ತು ವರ್ಷದಲ್ಲಿ ಒಂಬತ್ತು ಲಕ್ಷ ತಲೆ ಕಡಿಮೆ! ಪ್ಲೇಗು ಬಂದಾಗ ಊರು ಬಿಟ್ಟು ಹೊಲದಾಗ ಜೋಪಡಿ ಹಾಕಿಕೊಂಡ ಕಾಲ ಅದು. ಅದರ ಮೇಲೆ 1918ರ ಇನ್‌ಫ್ಲುಯೆಂಜಾ ಜ್ವರ. ಒಂದು ಮನೆಯ ಹೆಣ ಸುಟ್ಟು ಬರುವುದರೊಳಗೆ ಇನ್ನೊಂದು ಹೆಣ ಎಂದು ಮುತ್ಯಾ ಹೇಳಿದ್ದನ್ನು ನಿಮ್ಮಲ್ಲಿ ಹಿರಿಯರು ಕೇಳಿರಬೇಕು. ಆ ಮಾತು ಸುಳ್ಳಲ್ಲ, ಖಾನೇಷುಮಾರಿಯ ಅಂಕಿಯೂ ಅದನ್ನೇ ಹೇಳುತ್ತದೆ.

ಮಂದಿ ಸಾಯುವುದಷ್ಟೇ ಅಲ್ಲ, ಜಾಗ ಬದಲಿಸುವುದೂ ಇದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಅದರ ಮೇಲೆ ಚಿತ್ತಾಪುರ, ಮಳಖೇಡ ರೋಡ, ಸೇಡಂ, ತಾಂಡೂರ. 'ಮಳಖೇಡ ರೋಡ' ಎಂಬ ಹೆಸರಿನಲ್ಲಿಯೇ ಅರ್ಥ ಇದೆ: ಸ್ಟೇಷನ್ ಇಲ್ಲಿ, ಊರಿಗೆ ರಸ್ತೆ ಹಿಡಿದು ಹೋಗಬೇಕು. ರೈಲು ಊರಿನ ಬಾಗಿಲಿಗೆ ಬರಲಿಲ್ಲ, ಬದಿಗೆ ಹೋಯಿತು. ಇದೇ ರೈಲಿನಿಂದ ಇನ್ನೊಂದು ಸಮುದಾಯದ ಬದುಕೂ ತಿರುಗಿತು. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶ ಸುತ್ತುತ್ತಿದ್ದ ಲಂಬಾಣಿಗಳ ವ್ಯಾಪಾರವನ್ನು ರೈಲು ಕಿತ್ತುಕೊಂಡಿತು. ಅವರು ಊರ ಹೊರಗೆ, ಗುಡ್ಡದ ಬದಿಗೆ ತಾಂಡಾ ಕಟ್ಟಿ ನೆಲೆ ನಿಂತರು.

1948ರ ಮಾತು ಬಿಡುವಂತಿಲ್ಲ. ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ಸೊಲ್ಲಾಪುರದ ಕಡೆಗೆ ಗಡಿ ದಾಟಿದವು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ನಡೆದ ಹಿಂಸೆಯಲ್ಲಿ ಮುಸ್ಲಿಂ ಕುಟುಂಬಗಳೂ ಮನೆಮಾರು ಕಳೆದುಕೊಂಡವು. ಎರಡೂ ಕಡೆಯ ದುಃಖ ನಮ್ಮ ಊರುಗಳದ್ದೇ. 1956ರ ನವೆಂಬರ್ 1ರಂದು ನಾವು ಕನ್ನಡದ ರಾಜ್ಯಕ್ಕೆ ಸೇರಿದೆವು. ಆಮೇಲೆ 1972ರ ಬರ. ಹೊಟ್ಟೆ ಕಟ್ಟಿಕೊಂಡು ಮುಂಬಯಿ, ಪುಣೆಗೆ ಹೋದವರಲ್ಲಿ ಕೆಲವರು ಅಲ್ಲಿಯೇ ಉಳಿದರು. 1980ರ ದಶಕದಲ್ಲಿ ಸುಣ್ಣದ ಕಲ್ಲು ಇದ್ದ ಈ ನೆಲಕ್ಕೆ ಸಿಮೆಂಟ್ ಕಾರ್ಖಾನೆಗಳು ಬಂದವು. ಮಳಖೇಡ ರೋಡ ಹತ್ತಿರ ರಾಜಶ್ರೀ ಸಿಮೆಂಟ್, ಅದರ ಆದಿತ್ಯನಗರ ವಸಾಹತು, ಸೇಡಂದಲ್ಲಿ ವಾಸವದತ್ತಾ. ಹೊರ ರಾಜ್ಯದ ಮಂದಿ ಕೆಲಸಕ್ಕೆ ಬಂದರು. ನೋಡ್ರಿ, ಒಂದೇ ತಾಲೂಕಿನಾಗ ಒಂದು ಬಾಗಿಲಿನಿಂದ ಮಂದಿ ಹೊರಗ ಹೋಗ್ತಾರ, ಇನ್ನೊಂದು ಬಾಗಿಲಿನಿಂದ ಒಳಗ ಬರ್ತಾರ.

ಆದ್ದರಿಂದ ಅಂಕಿಯನ್ನು ಸುಮ್ಮನೆ ಓದಬಾರದು. ಒಂದು ಉದಾಹರಣೆ. 2001ರಲ್ಲಿ ಗುಲಬರ್ಗಾ ಜಿಲ್ಲೆಯ ಜನಸಂಖ್ಯೆ 31 ಲಕ್ಷ 30 ಸಾವಿರ. 2011ರಲ್ಲಿ 25 ಲಕ್ಷ 66 ಸಾವಿರ. ಇದನ್ನು ನೋಡಿದ ವಿದ್ಯಾರ್ಥಿ, "ಸರ್, ಐದೂವರೆ ಲಕ್ಷ ಮಂದಿ ಎಲ್ಲಿ ಹೋದರು?" ಎಂದು ಕೇಳಬಹುದು. ಎಲ್ಲಿಯೂ ಹೋಗಲಿಲ್ಲ. ನಡುವೆ ಯಾದಗಿರಿ ಬೇರೆ ಜಿಲ್ಲೆಯಾಯಿತು. ಅದರ 11 ಲಕ್ಷ 74 ಸಾವಿರ ಕೂಡಿಸಿದರೆ 37 ಲಕ್ಷ ದಾಟುತ್ತದೆ, ಅಂದರೆ ಮಂದಿ ಆರು ಲಕ್ಷ ಹೆಚ್ಚೇ ಆದರು. ಇನ್ನು 2018ರಲ್ಲಿ ಕಮಲಾಪುರ, ಕಾಳಗಿ, ಶಹಾಬಾದ, ಯಡ್ರಾಮಿ ಹೊಸ ತಾಲೂಕುಗಳಾದವು. ಕೆಂಪು ಬಾಳೆಹಣ್ಣಿನ ಕಮಲಾಪುರ ಮೊದಲು ಕಲಬುರಗಿ ತಾಲೂಕಿನದು. ಮುಂದಿನ ಗಣತಿಯಲ್ಲಿ ಕಲಬುರಗಿ ತಾಲೂಕಿನ ಅಂಕಿ ಕಡಿಮೆ ಕಂಡರೆ ಗಾಬರಿಯಾಗಬೇಡಿ, ಎಲ್ಲೆ ಎಲ್ಲಿ ಬದಲಾಯಿತು ಎಂದು ಮೊದಲು ಕೇಳಿ. ಚರಿತ್ರೆ ಗೊತ್ತಿಲ್ಲದೆ ಜನಸಂಖ್ಯೆ ಓದಿದರೆ ಲೆಕ್ಕ ತಪ್ಪುತ್ತದೆ.

ಹೊರ ದೇಶದಲ್ಲಿ ಇದನ್ನು ಹ್ಯಾಂಗ ನೋಡ್ತಾರ ಎಂಬುದಕ್ಕೂ ಒಂದು ಮಾತು. ನಮ್ಮ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲೆ ಊರ ಹೆಸರು, ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಊರ ಬಾಗಿಲ ಬೋರ್ಡಿನ ಮೇಲೆ ಊರ ಹೆಸರು, ಕೆಳಗೆ ಜನಸಂಖ್ಯೆ. ಅಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ತಪ್ಪಿಲ್ಲ; ಅವರ ಸಂವಿಧಾನವೇ ಅದನ್ನು ಕಡ್ಡಾಯ ಮಾಡಿದೆ. ನೆಬ್ರಾಸ್ಕ ರಾಜ್ಯದಲ್ಲಿ ಮೊನೋವಿ ಎಂಬ ಊರಿದೆ. ಒಂದು ಕಾಲಕ್ಕೆ ರೈಲು, ಅಂಗಡಿ, ಅಂಚೆ ಕಚೇರಿ ಇದ್ದ ರೈತರ ಊರು. ಮಕ್ಕಳು ಕೆಲಸ ಹುಡುಕಿ ಒಬ್ಬೊಬ್ಬರಾಗಿ ಹೋದರು. 2010ರ ಗಣತಿಯಲ್ಲಿ ಅದರ ಜನಸಂಖ್ಯೆ ಒಂದು! ಒಬ್ಬರೇ ಮುದುಕಿ, ಊರಿನ ಅಧ್ಯಕ್ಷರೂ ಅವರೇ, ಕಾರ್ಯದರ್ಶಿಯೂ ಅವರೇ. ನಗಬ್ಯಾಡ್ರಿ. ಸೂರೆ ಮಾಡಲು ಯಾವ ಸೈನ್ಯವೂ ಅಲ್ಲಿಗೆ ಬರಲಿಲ್ಲ. ಮಾನ್ಯಖೇಟ ಎರಡು ಸೈನ್ಯಗಳ ಕೈಗೆ ಸಿಕ್ಕಿಯೂ ಉಳಿಯಿತು. ಒಕ್ಕಲುತನದಾಗ ಹೊಟ್ಟಿ ತುಂಬದಿದ್ದರ ಯಾವ ಕೋಟೆಯೂ ಮಂದಿನ್ನ ಹಿಡಿದಿಡೋದಿಲ್ಲ, ತುಂಬಿದರ ಕೋಟೆ ಬೇಕಾಗೂದಿಲ್ಲ.

ಹೊಟ್ಟಿ ತುಂಬುವ ಒಕ್ಕಲುತನಕ್ಕೆ ಬೇಕಾದದ್ದು ಏನು? ಬಿತ್ತುವ ಕಾಲಕ್ಕೆ ಬೀಜ, ಗೊಬ್ಬರ, ಕೈಯಾಗ ನಾಲ್ಕು ರೊಕ್ಕ. ಅದೂ ಹೊಲ ನುಂಗದ ಬಡ್ಡಿಗೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲಿಯೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಇದಕ್ಕಾಗಿಯೇ. ನಿಮ್ಮ ಸಂಘವೂ ಇಪ್ಪತ್ತೈದು ವರ್ಷ ಮಾಡಿದ್ದು ಇದನ್ನೇ. ಊರನ್ನು ಊರಾಗಿ ಉಳಿಸುವ ಕೆಲಸದಲ್ಲಿ ಅರಸನಿಗಿಂತ ಇದು ಮೇಲು ಎಂದರೆ ಅತಿಶಯವಾಗಲಿಕ್ಕಿಲ್ಲ.

ಈಗ ಉಳಿದ ಅರ್ಧ ಮಾತು. ಊರಾಗ ಇದ್ದವರೆಲ್ಲ ಊರಿನ ಲೆಕ್ಕದಾಗ ಇದ್ದಾರೇನು? ಬಹಳ ವರ್ಷ ಇರಲಿಲ್ಲ. ನಮ್ಮ ತಾಂಡಾಗಳು ಕಂದಾಯ ಗ್ರಾಮಗಳೆಂದು ದಾಖಲೆಯಾಗಿರಲಿಲ್ಲ. ನೂರಾರು ಮನೆ ಇದ್ದರೂ ಕಾಗದದ ಮೇಲೆ ಅದು ಪಕ್ಕದ ಊರಿನ ಸರ್ವೆ ನಂಬರು. ತಾನು ಕಟ್ಟಿದ ಮನೆಗೆ ಹಕ್ಕುಪತ್ರ ಇಲ್ಲ, ಹಕ್ಕುಪತ್ರ ಇಲ್ಲದವನಿಗೆ ಬ್ಯಾಂಕಿನಾಗ ಮನೆ ಮೇಲೆ ಸಾಲ ಇಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳ 1,475 ಇಂಥ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಿದ ಮೇಲೆ, 2023ರ ಜನವರಿ 19ರಂದು 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳನ್ನು ಪ್ರಧಾನಮಂತ್ರಿಗಳು ವಿತರಿಸಿದರು. ಆ ಕಾರ್ಯಕ್ರಮ ನಡೆದದ್ದು ಎಲ್ಲಿ? ಇದೇ ಮಳಖೇಡದಲ್ಲಿ. ತಾಮ್ರಪಟಗಳನ್ನು ಕೊಟ್ಟ ಅರಸರ ಊರಿನಲ್ಲಿ, ಹೆಸರೇ ಬರೆಯದೆ ಬಿಟ್ಟಿದ್ದ ಮಂದಿಗೆ ಮನೆಯ ಕಾಗದ ಸಿಕ್ಕಿತು. ಈ ಊರಿನ ಚರಿತ್ರೆಯಲ್ಲಿ 972ರಷ್ಟೇ ಇದೂ ನೆನಪಿಡಬೇಕಾದ ತಾರೀಖು ಎಂದು ನನ್ನ ಅಭಿಪ್ರಾಯ.

ಆದರೆ ಕಾಗದ ಬಂದರೂ ಇನ್ನೊಂದು ತೊಡಕು ಉಳಿದಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೋನಾದಿಂದ ನಿಂತುಹೋಯಿತು. 2025ರ ಜೂನ್ 16ರ ಅಧಿಸೂಚನೆಯಂತೆ ಹೊಸ ಗಣತಿಯ ತಾರೀಖು 2027ರ ಮಾರ್ಚ್ 1. ಮನೆಪಟ್ಟಿ ಮೊದಲು, ಆಮೇಲೆ ಮಂದಿ ಎಣಿಕೆ. ಎಣಿಕೆ ನಡೆಯುವುದು ಫೆಬ್ರವರಿಯಲ್ಲಿ. ಫೆಬ್ರವರಿ ಅಂದರ ನಮ್ಮ ಕಡೆ ಯಾವ ಕಾಲ? ತೊಗರಿ ರಾಶಿ ಮುಗಿದಿರುತ್ತದೆ, ಕೈಯಾಗ ಕೆಲಸ ಇರೂದಿಲ್ಲ. ಕಬ್ಬು ಕಡಿಯಲಿಕ್ಕೆ ಮಹಾರಾಷ್ಟ್ರಕ್ಕ, ಗೌಂಡಿ ಕೆಲಸಕ್ಕ ಪುಣೆ, ಮುಂಬಯಿ, ಹೈದರಾಬಾದ, ಬೆಂಗಳೂರಿಗೆ ಗುಳೆ ಹೋಗ್ಯಾರ. ಎಣಿಕೆಯವರು ಬಂದರ ಬಾಗಿಲಿಗೆ ಕೀಲಿ. ಎಣಿಕೆಯ ದಿನಗಳಲ್ಲೆಲ್ಲ ಊರಿನಲ್ಲಿ ಇಲ್ಲದವನನ್ನು ಅವನು ಇದ್ದ ಕಡೆ ಬರೆಯಬೇಕು ಎಂಬುದು ನಿಯಮ. ಅಲ್ಲಿ ಅವನು ಕಟ್ಟಡದ ಬದಿಯ ತಗಡಿನ ಶೆಡ್ಡಿನಲ್ಲಿ ಇರುತ್ತಾನೆ. ಅಲ್ಲಿಯೂ ಯಾರೂ ಬರೆಯದಿದ್ದರೆ ಅವನು ಈ ದೇಶದ ಲೆಕ್ಕದಿಂದಲೇ ಬಿಟ್ಟುಹೋಗುತ್ತಾನೆ.

"ಬಿಟ್ಟುಹೋದರ ಏನಾತು?" ಅಂತ ಕೇಳಬಹುದು. ಏನಾಗುತ್ತದೆ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗೆ 400 ಜನಸಂಖ್ಯೆಗೆ ಒಬ್ಬ ಸದಸ್ಯ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಎಷ್ಟು ಮಂದಿಗೆ ಪಡಿತರ ಎಂಬುದನ್ನು ಗೊತ್ತುಮಾಡಿದ್ದು ಗಣತಿಯ ಅಂಕಿಯಿಂದ. 15ನೆಯ ಹಣಕಾಸು ಆಯೋಗವೂ ಜನಸಂಖ್ಯೆ ಹಿಡಿದದ್ದು 2011ರ ಗಣತಿಯಿಂದಲೇ. ಊರಾಗ ಒಂದು ತಲೆ ಬರೆಯದೆ ಬಿಟ್ಟರೆ ಹತ್ತು ವರ್ಷ ಆ ತಲೆಯ ಪಾಲು ಊರಿಗೆ ಬರುವುದಿಲ್ಲ. 2011ರ ಅಂಕಿಯಂತೂ ಹದಿನೈದು ವರ್ಷ ನಡೆದಿದೆ.

ಅದಕ್ಕೆ ಈ ಬೆಳ್ಳಿಹಬ್ಬದ ನೆನಪಿಗೆ ಸಂಘದವರು ಕಲ್ಲಿನ ಕಮಾನು ಕಟ್ಟುವ ವಿಚಾರವಿದ್ದರೆ ಕಟ್ಟಲಿ, ಬೇಡ ಎನ್ನುವುದಿಲ್ಲ. ಜೊತೆಗೆ ಮೂರು ಕೆಲಸ ಕೈಗೆತ್ತಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಮೊದಲನೆಯದು, ಸಂಘದ ಕಟ್ಟೆಯ ಮೇಲೆ ಒಂದು ಊರ ಪುಸ್ತಕ ಇಡಿ. ಊರು, ಓಣಿ, ತಾಂಡಾ ಸೇರಿ ಮನೆಮನೆಯ ಹೆಸರು. ಶೇರುದಾರರ ರಜಿಸ್ಟರು ಹೇಗೂ ಇದೆ. ಆದರೆ ಅದರಾಗ ಹೊಲ ಇದ್ದವರ ಹೆಸರೇ ಹೆಚ್ಚು, ಗಂಡಸರ ಹೆಸರೇ ಹೆಚ್ಚು. ಹೊಲ ಇಲ್ಲದ ಕೂಲಿಯವರು, ಹೆಣ್ಣುಮಕ್ಕಳು, ಬಾಡಿಗೆಗೆ ಬಂದ ಕಾರ್ಖಾನೆ ಕೆಲಸದವರು ಎಲ್ಲರೂ ಈ ಪುಸ್ತಕದಲ್ಲಿ ಬರಲಿ.

ಎರಡನೆಯದು, ಗುಳೆ ಹೋಗುವವರ ಪಟ್ಟಿ. ಯಾರು, ಯಾವ ಊರಿಗೆ, ಯಾವ ಫೋನ್ ನಂಬರು. ಎಣಿಕೆ ಶುರುವಾಗುವ ಮುಂಚೆ ಅವರಿಗೆ ಸುದ್ದಿ ಮುಟ್ಟಿಸಿ: ಆ ದಿನಗಳಾಗ ಊರಿಗೆ ಬರೂದಿದ್ದರ ಬರ್ರಿ, ಇಲ್ಲದಿದ್ದರ ಇದ್ದಲ್ಲೇ ಹೆಸರು ಬರೆಸ್ರಿ. ಎರಡೂ ಕಡೆ ಬರೆಸಬಾರದು, ಎಲ್ಲಿಯೂ ಬರೆಸದೆ ಇರಬಾರದು.

ಮೂರನೆಯದು, ಮನೆಯ ಮಾಡಿನಾಗ, ಟ್ರಂಕಿನಾಗ ಇರುವ ನಿಜಾಮರ ಕಾಲದ ಉರ್ದು ಕಾಗದ, ಫಸಲಿ ಸನದ ಪಹಣಿ, ಹಳೆಯ ಬಾಕಿ ಚೀಟಿ ಇವನ್ನು ಒಲೆಗೆ ಹಾಕಬೇಡಿ. ಉರ್ದು ಓದುವ ಹಿರಿಯರು ಇರುವಾಗಲೇ ಓದಿಸಿ ಕನ್ನಡದಲ್ಲಿ ಬರೆದಿಡಿ. ನಮ್ಮ ಊರಿನ ಚರಿತ್ರೆಗೆ ಇದೇ ಶಾಸನ.

ಮಳೆಗಾಲದಲ್ಲಿ ಕಾಗಿಣಾ ತುಂಬಿದಾಗ ಮಳಖೇಡದ ಸೇತುವೆ ಮೇಲೆ ನೀರು ಬಂದು ಸೇಡಂ ರಸ್ತೆ ನಿಂತುಹೋಗುವುದನ್ನು ನಾವು ನೋಡಿದ್ದೇವೆ. ನೀರು ಇಳಿದ ಮರುದಿನ ಮತ್ತೆ ಗಾಡಿ ಓಡುತ್ತವೆ. ಈ ಊರಿನ ಸಾವಿರ ವರ್ಷದ ಕಥೆಯೂ ಹಾಗೆಯೇ ಇದೆ. ಪರಮಾರರು ಬಂದರು, ಚೋಳರು ಬಂದರು, ಬರ ಬಂತು, ಪ್ಲೇಗು ಬಂತು, ಇಳಿದುಹೋದವು. ಉಳಿದದ್ದು ಹೊಲ ಮತ್ತು ಮಂದಿ. ಹೊಲದ ಲೆಕ್ಕ ತಲಾಠಿ ಇಡ್ತಾರ, ರೊಕ್ಕದ ಲೆಕ್ಕ ನಮ್ಮ ಕಾರ್ಯದರ್ಶಿಗಳು ಇಡ್ತಾರ. ಮಂದಿಯ ಲೆಕ್ಕ ಮಾತ್ರ ಊರವರೇ ಇಡಬೇಕು.

ಸಂಘ ನೂರು ವರ್ಷ ಬಾಳಲಿ.